ಊರಿನ ನಕ್ಷೆ

ಹಾಸನದ ಸೀಮೆ ನದಿ ಕೆರೆಗಳ ನಾಡು. ಹೇಮಾವತಿಯು ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟನ್ನು ದಾಟಿ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುತ್ತಾಳೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿಯ ಸೊಬಗಿದೆ. ಚನ್ನರಾಯಪಟ್ಟಣದ ಬಯಲಿಗೆ ಕೆರೆಗಳು ಆಸರೆ. ಹೊಳೆಯು ಮೇಲು ಕೀಳೆಂಬುದನ್ನು ಅರಿಯದು. ಆದರೆ ಅದರ ನೀರು ಕೊಡವನ್ನು ಸೇರುವಷ್ಟರಲ್ಲಿ ಊರಿನ ಭೇದಗಳೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿದ್ದವು.

ಹಳೆಯ ಹಳ್ಳಿಯ ನಕ್ಷೆಯನ್ನು ಯಾವ ಇಂಜಿನಿಯರನೂ ಬರೆಯಲಿಲ್ಲ. ಆದರೂ ಗುಡಿ ಎಲ್ಲಿರಬೇಕು, ಸೇದುವ ಬಾವಿ ಯಾರದು, ಕೇರಿಯು ಊರಿನಿಂದ ಎಷ್ಟು ದೂರ ಎಂಬುದು ನಿಶ್ಚಿತವಾಗಿತ್ತು. ಅಸಮಾನತೆಯು ಮನಸ್ಸಿನಲ್ಲಿ ಮಾತ್ರವಲ್ಲದೆ ಕಲ್ಲಿನಲ್ಲಿ, ದಾರಿಯಲ್ಲಿ, ಹೊಸ್ತಿಲಿನಲ್ಲಿಯೂ ಮನೆಮಾಡಿತ್ತು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳ ಬಳಕೆಗೆ ಜಾತಿಯ ಅಡ್ಡಿ ಇರಬಾರದೆಂದು 15ನೆಯ ವಿಧಿಯು ಸಾರಿತು. ಆದರೆ ಕಾನೂನು ಬಂದೊಡನೆ ಗೋಡೆ ತಾನಾಗಿ ಕುಸಿಯುವುದಿಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ಬಸವೇಶ್ವರನ ಗುಡಿಯನ್ನು ಪ್ರವೇಶಿಸಿದಾಗ ವಿರೋಧವೆದ್ದಿತು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ದೇವಾಲಯವನ್ನು ಹೊಕ್ಕರು. ತೆರೆದ ಬಾಗಿಲನ್ನು ದಾಟುವುದಕ್ಕೂ ಧೈರ್ಯ ಬೇಕಾಯಿತು.

ಹಾಗಾದರೆ ಹೊಸ ನಕ್ಷೆಯನ್ನು ಬರೆಯಬೇಕಾದವರು ಯಾರು? ನಲ್ಲಿಯ ನೀರನ್ನೇ ನೋಡಬಹುದು. ತೊಟ್ಟಿಯ ಸಮೀಪದ ಮನೆಗೆ ನೀರು ರಭಸದಿಂದ ಬರುತ್ತದೆ. ಕೊಳವೆಯ ತುದಿಯ ಮನೆಗೆ ತೊಟ್ಟಿಕ್ಕುತ್ತದೆ. ಕೇರಿಯು ಆ ತುದಿಯಲ್ಲಿದ್ದರೆ ಹಳೆಯ ಅನ್ಯಾಯವು ಹೊಸ ಕೊಳವೆಯಲ್ಲಿಯೂ ಹರಿಯುತ್ತದೆ. ಕಚೇರಿಯ ಕಾಗದದಲ್ಲಿ ಈ ಕೊರತೆ ಕಾಣದು. ಕೊಡ ಹಿಡಿದು ಕಾದು ನಿಂತ ಹೆಂಗಸಿಗೆ ಅದು ತಿಳಿದಿರುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಮಾರ್ಗಸೂಚಿಯು, ಊರಿನ ನೀರಿನ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರೂ, ಕಾಲುಭಾಗ ದುರ್ಬಲ ವರ್ಗದವರೂ ಇರಬೇಕೆಂದು ಹೇಳಿರುವುದರ ಮರ್ಮ ಇದೇ.

ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವಳು ಎದ್ದು, “ಕೊಳವೆಯನ್ನು ನಮ್ಮ ಕೇರಿಯಿಂದ ಆರಂಭಿಸಿ” ಎಂದಾಗ ಉಳಿದವರು ಕಿವಿಗೊಡಬೇಕು. ಸೌಲಭ್ಯವನ್ನು ಕೊಡುವುದು ಉಪಕಾರ. ಅದು ಎಲ್ಲಿ, ಹೇಗೆ ಇರಬೇಕೆಂದು ಹೇಳುವ ಹಕ್ಕನ್ನು ಒಪ್ಪುವುದು ಸಮಾನತೆ. ಹಿಂದೆ ಕೆಲವರ ಇಚ್ಛೆಯಂತೆ ಮೂಡಿದ ಊರಿನ ನಕ್ಷೆಯನ್ನು ಎಲ್ಲರೂ ಕೂಡಿ ತಿದ್ದಿದಾಗಲೇ ಊರು ಎಲ್ಲರದಾಗುತ್ತದೆ.