ವಿಮಾನದ ಹೊಟ್ಟೆಗೆ ಬಣ್ಣ

ಬಿಡದಿ ನಮ್ಮೂರು ಅಂದ ಕೂಡಲೇ ಎಲ್ಲರೂ ತಟ್ಟೆ ಇಡ್ಲಿ ಅಂತಾರೆ. ಮಕ್ಕಳಿರೋರು ವಂಡರ್‌ಲಾ ಅಂತಾರೆ, ಎಂಜಿನಿಯರುಗಳು ಟೊಯೋಟಾ ಅಂತಾರೆ. ಇಲ್ಲೇ ಒಂದು ತೆಂಗಿನ ತೋಟದ ಶೆಡ್ಡಿನಲ್ಲಿ ವಿಮಾನ ತಯಾರಾಗ್ತಿದೆ ಅಂದ್ರೆ ಯಾರೂ ನಂಬೋಲ್ಲ. ನಾನೂ ನಂಬಿರಲಿಲ್ಲ :)

ಕಟ್ಟುತ್ತಿರೋರು ನನ್ನ ಹಳೇ ಆಫೀಸಿನ ಹಿರಿಯರು. ಹೆಸರು ಬೇಡ, ಸಾರ್ ಅಂತಿಟ್ಟುಕೊಳ್ಳಿ. ಎರಡು ಸೀಟಿನ, ಅಲ್ಯೂಮಿನಿಯಂ ತಗಡಿನ ಕಿಟ್. ಪೆಟ್ಟಿಗೆಗಳಲ್ಲಿ ತುಂಡು ತುಂಡಾಗಿ ಬರುತ್ತೆ, ನಾವೇ ರಿವೆಟ್ ಹೊಡೆದು ಜೋಡಿಸಬೇಕು. ಇದೇನೂ ಹೊಸ ಹುಚ್ಚಲ್ಲ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳೋರಿಗೆ ಅಂತ ಮಾಡಿದ್ದ ಲಾಂಗ್-ಈಝಿ ವಿನ್ಯಾಸ ಇಟ್ಟುಕೊಂಡು ಬೆಂಗಳೂರಿನ ಎನ್‌ಎಎಲ್ 1980ರ ದಶಕದಲ್ಲೇ ಒಂದು ಪುಟ್ಟ ವಿಮಾನ ಹಾರಿಸಿತ್ತು. ಬೆಂಗಳೂರಿನದೇ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಕಿಟ್ಟುಗಳನ್ನು ಇಂಗ್ಲೆಂಡಿನ ಜನ ತಾವೇ ಜೋಡಿಸಿ ಹಾರಿಸಿದ್ದಾರೆ. ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಅದೂ ವರ್ಷಗಟ್ಟಲೆ ಅಲೆದಾಡಿದ ಮೇಲೆ. ಸಾರ್ ಅವರ ಡಿಜಿಸಿಎ ಫೈಲು ಈಗಾಗಲೇ ರೆಕ್ಕೆಗಿಂತ ದಪ್ಪ ಆಗಿದೆ.

ಹೋದ ಫೆಬ್ರವರಿಯಲ್ಲಿ ಕ್ಯಾಬಿನ್ನಿನ ಒಳಗೆ ಬಣ್ಣ ಹೊಡೆಯೋ ಕೆಲಸ ಬಂತು. "ನಿಮ್ಮಪ್ಪ ಪೇಂಟರ್ ಅಲ್ವೇನೋ? ಕೇಳಿ ನೋಡು" ಅಂದ್ರು ಸಾರ್.

ನಮ್ಮಪ್ಪ ಲಾರಿ, ಕಾರು ಪೇಂಟರ್. ಮೈಸೂರು ರಸ್ತೆಯ ಗ್ಯಾರೇಜೊಂದರಲ್ಲಿ ಇಪ್ಪತ್ತೈದು ವರ್ಷ ಗನ್ ಹಿಡಿದವರು. ನನ್ನ ಎಂಜಿನಿಯರಿಂಗ್ ಫೀಸು ಬಂದದ್ದು ಅದೇ ಗನ್ನಿನಿಂದ. ವಿಮಾನ ಅಂದದ್ದೇ ತಡ, ಮಾರನೇ ದಿನವೇ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟರು. ತಗಡನ್ನು ಉಗುರಿನಲ್ಲಿ ತಟ್ಟಿ ನೋಡಿ, "ಮೂರು ಕೋಟ್ ಕೊಟ್ರೆ ಕನ್ನಡಿ ಥರ ಆಗುತ್ತೆ ಸಾ" ಅಂದರು.

ಕನ್ನಡಿ ಬೇಡವಾಗಿತ್ತು ಅನ್ನೋದೇ ತಮಾಷೆ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಹೊಳೆದರೆ ಬಿಸಿಲು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಪೈಲಟ್‌ಗೆ ಎದುರಿನದು ಕಾಣಲ್ಲ, ಅಲ್ಲಿ ಮಂಕು ಕಪ್ಪೇ ಆಗಬೇಕು. ಉಳಿದ ಕಡೆ ತೆಳ್ಳಗೆ ಪ್ರೈಮರ್, ಅದರ ಮೇಲೆ ತೆಳ್ಳಗೆ ಬೂದು ಬಣ್ಣ, ಅಷ್ಟೇ. ಬಣ್ಣಕ್ಕೂ ತೂಕ ಇದೆ. ಒಣಗಿದ ಮೇಲೆ ಉಳಿಯೋ ಒಂದೊಂದು ಗ್ರಾಮನ್ನೂ ಎಂಜಿನ್ ಹೊತ್ತುಕೊಂಡೇ ಮೇಲೇಳಬೇಕು. ಸಾರ್ ಡಬ್ಬವನ್ನು ಮೊದಲೂ ಆಮೇಲೂ ತಕ್ಕಡಿಯಲ್ಲಿಟ್ಟು ಬರೆದುಕೊಳ್ತಾರೆ. "ಇದೇನು ಸುಣ್ಣ ಹೊಡಿಯೋದಾ?" ಅಂತ ಅಪ್ಪ ಗೊಣಗಿದರು. ತಗಡು ಉಜ್ಜೋಕೆ ಅವರು ತಂದಿದ್ದ ಸ್ಟೀಲ್ ವುಲ್ಲೂ ವಾಪಸ್ಸಾಯಿತು. ಅದರ ಕಬ್ಬಿಣದ ಚೂರು ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಂಡರೆ ತುಕ್ಕು ಹತ್ತುತ್ತೆ. ಅದರ ಬದಲು ನೈಲಾನ್ ಪ್ಯಾಡು, ಅಮ್ಮ ಪಾತ್ರೆ ಉಜ್ಜೋದರ ಅಣ್ಣತಮ್ಮ!

ಆ ರಾತ್ರಿ ನಾನು ಹಾರ್ಡನರ್ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದೆ. ಐಸೊಸಯನೇಟ್. ಪಾಲಿಯುರೆಥೇನ್ ಪೇಂಟು ಗಟ್ಟಿಯಾಗೋದೇ ಅದರಿಂದ. ಗನ್ನಿನಿಂದ ಮಂಜಿನ ಥರ ಹೊರಟಾಗ ಶ್ವಾಸಕೋಶಕ್ಕೆ ಇಳಿಯುತ್ತೆ, ಆಸ್ತಮಾ ತರಿಸುತ್ತೆ. ಅಪಾಯದ ಮಟ್ಟ ದಾಟಿದರೂ ಮೂಗಿಗೆ ವಾಸನೆ ಗೊತ್ತಾಗದೇ ಇರಬಹುದು. ಒಮ್ಮೆ ಮೈಗೆ ಅದು ಒಗ್ಗದೆ ಹೋದರೆ ಆಮೇಲೆ ಎಷ್ಟು ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತೆ.

ಈ ಡಬ್ಬ ನನಗೆ ಹೊಸದೇನಲ್ಲ. ಇದರಂಥ ಖಾಲಿ ಡಬ್ಬದಲ್ಲೇ ನಮ್ಮನೆ ತುಳಸಿ ಇದೆ. ಇಷ್ಟು ವರ್ಷ ಅದರ ಮೇಲೆ ಬರೆದಿದ್ದನ್ನ ಓದಿದವರು ನಮ್ಮನೇಲಿ ಯಾರೂ ಇಲ್ಲ. ಡಿಗ್ರಿ ಮಾಡಿದ ನಾನೂ ಓದಿರಲಿಲ್ಲ. ಗ್ಯಾರೇಜಿನಲ್ಲಿ ಅಪ್ಪನ ಮುಖಕ್ಕಿದ್ದದ್ದು ಒದ್ದೆ ಕರ್ಚೀಫು. ನಾಲ್ಕು ವರ್ಷದಿಂದ ಅವರ ಶರ್ಟಿನ ಜೇಬಲ್ಲಿ ಇನ್ಹೇಲರ್ ಇದೆ, ನಾವೆಲ್ಲ 'ಧೂಳು' ಅಂದುಕೊಂಡಿದ್ವಿ. ನಮ್ಮೂರಲ್ಲಿ ಧೂಳಿಗೇನು ಬರ... ಎದೆ ಡಾಕ್ಟರಿಗೆ ಡಬ್ಬದ ಫೋಟೋ ತೋರಿಸಿದೆ. ಇನ್ನು ಗನ್ ಮುಟ್ಟಲೇಬಾರದು, ಹೊಡೆಯೋ ಜಾಗದಲ್ಲಿ ನಿಲ್ಲಲೂಬಾರದು ಅಂದರು.

"ಇಷ್ಟು ವರ್ಷ ಏನಾಯ್ತಪ್ಪ?" ಅಂತ ಅಪ್ಪ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇತ್ತು, ಹೇಳಲಿಲ್ಲ.

ಕೊನೆಗೆ ಗನ್ ಹಿಡಿದದ್ದು ನಾನು. ಹೊರಗಿನ ಗಾಳಿಯನ್ನು ಪೈಪಿನಲ್ಲಿ ತರೋ ಮುಖವಾಡ, ಬಿಳೀ ಕವರಾಲು, ಗ್ಲೌಸು ಎಲ್ಲ ಸಾರ್ ತರಿಸಿದ್ದರು. ಹಳೇ ಡೋರ್ ತಗಡಿನ ಮೇಲೆ ಅಪ್ಪ ಎರಡು ಭಾನುವಾರ ಬರೀ ನೀರು ತುಂಬಿಸಿ ಅಭ್ಯಾಸ ಮಾಡಿಸಿದರು. ಬಣ್ಣದ ದಿನ ಬೆಳಿಗ್ಗೆ ಧೂಳು ಏಳದ ಹಾಗೆ ಶೆಡ್ಡಿನ ನೆಲಕ್ಕೆಲ್ಲ ನೀರು ಚಿಮುಕಿಸಿ, ಆಮೇಲೆ ದೂರದಲ್ಲಿ, ಗಾಳಿ ಬರೋ ದಿಕ್ಕಿನಲ್ಲಿ ಬೇಲಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಫೋನು ಆನ್, ನನ್ನ ಕಿವಿಯಲ್ಲಿ ಇಯರ್‌ಫೋನು. ಅವರಿಗೆ ಏನೂ ಕಾಣ್ತಿರಲಿಲ್ಲ. ಫೋನಿನಲ್ಲಿ ಗನ್ನಿನ ಸದ್ದು ಕೇಳಿಸಿಕೊಂಡೇ, "ಕೈ ನಿಂತ್ಕೋತು, ಓಡ್ಸು... ಮೂಲೇಲಿ ಟ್ರಿಗರ್ ಬಿಡೋ... ಹತ್ರ ಹೋದೆ ನೋಡು, ಒಂದು ಗೇಣು ದೂರ ಹಿಡಿ" ಅಂತ ಹೇಳ್ತಾನೇ ಇದ್ರು. ಅವರು ಹೇಳಿದ್ದು ಒಂದೂ ತಪ್ಪಿರಲಿಲ್ಲ. ಕೋಡ್ ರಿವ್ಯೂನಲ್ಲಿ ನನ್ನನ್ನ ಇಷ್ಟು ಕರಾರುವಾಕ್ಕಾಗಿ ಯಾರೂ ಹಿಡಿದಿಲ್ಲ.

ಬಣ್ಣ ಪೂರ್ತಿ ಗಟ್ಟಿಯಾಗಲಿ ಅಂತ ಎರಡು ವಾರ ಶೆಡ್ಡು ತೆರೆದಿಟ್ಟ ಮೇಲೆ ಅಪ್ಪನನ್ನ ಒಳಗೆ ಬಿಟ್ಟೆವು. ಕ್ಯಾಬಿನ್ನಿನೊಳಗೆ ತಲೆ ಹಾಕಿ ಮೂಲೆ ಮೂಲೆ ಬೆರಳಾಡಿಸಿದರು. ಬಲಗಡೆ ಸೀಟು ಬರೋ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ಇಳಿದಿದೆ ನೋಡು."

ನಿಜ, ಒಂದು ಕಣ್ಣೀರಿನ ಹನಿಯಷ್ಟು ಬಣ್ಣ ಜಾರಿತ್ತು. ತೆಗೆಸೋಣವಾ ಅಂತ ಸಾರ್ ಕೇಳಿದರು.

"ಬಿಡಿ ಸಾ, ಸೀಟು ಬಂದು ಮುಚ್ಕೊಳುತ್ತೆ" ಅಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಇದು ಹಾರೋ ದಿನ ಒಳಗೆ ಕೂರಿಸ್ತಾರೇನ್ಲಾ?" ಅಂತ ಪಿಸುಗುಟ್ಟಿದರು.

ಫೈಲು ಇನ್ನೂ ದೆಹಲಿಯಲ್ಲೇ ಇದೆ. ಮುಂದಿನ ವಾರ ಸೀಟು ಹೊಲಿಸಬೇಕು. ಅದರ ಬಟ್ಟೆ ಬೆಂಕಿಗೆ ಎಷ್ಟು ಬೇಗ ಹತ್ತಿಕೊಳ್ಳುತ್ತೆ ಅಂತ ಮೊದಲು ಒಂದು ಚೂರು ಸುಟ್ಟು ನೋಡಬೇಕಂತೆ. ಆ ಕೆಲಸಕ್ಕೂ ಅಪ್ಪ ಬರ್ತೀನಿ ಅಂದಿದ್ದಾರೆ. ಹೊಗೆಯಿಂದ ದೂರ ಕೂತ್ಕೋಬೇಕು ಅಂತ ಈಗಲೇ ಹೇಳಿಟ್ಟಿದೀನಿ.