ಕರೆಂಟು ಖರ್ಚಾಗುತ್ತದೆಯೇ?

ಬೋಧನಾಭ್ಯಾಸದ ಎರಡನೇ ವಾರ. ಹತ್ತನೇ ತರಗತಿಗೆ ಸರಣಿ ಜೋಡಣೆಯ ಪಾಠ. ಹಿಂದಿನ ಬೆಂಚಿನ ಹುಡುಗ ಕೇಳಿದ: “ಮಿಸ್, ಮೊದಲ ಬಲ್ಬು ಕರೆಂಟು ಖರ್ಚು ಮಾಡಿದ ಮೇಲೆ ಎರಡನೆಯದಕ್ಕೆ ಕಡಿಮೆ ಸಿಗಲ್ವಾ?” “ಇಲ್ಲ, ಒಂದೇ ಇರುತ್ತೆ” ಎಂದೆ. “ಹಾಗಾದ್ರೆ ಬಲ್ಬು ಉರಿಯೋದು ಯಾವುದರಿಂದ?” ನನ್ನ ಬಾಯಿ ಕಟ್ಟಿತು.

ಇದೇ ಪ್ರಶ್ನೆಗೆ ಒಂದು ಉಚಿತ ಆನ್‌ಲೈನ್ ಕೋರ್ಸಿನ ಕ್ವಿಜ್‌ನಲ್ಲಿ ನಾನು ಪೂರ್ಣ ಅಂಕ ಪಡೆದಿದ್ದೆ! ನಾಲ್ಕರಲ್ಲಿ ಸರಿಯಾದುದನ್ನು ಒತ್ತಿದ್ದೆ, ಅಷ್ಟೇ. ಆಮೇಲೆ ಕೋರ್ಸನ್ನೇ ಅರ್ಧಕ್ಕೆ ಬಿಟ್ಟೆ. ಬಿಡುವವಳು ನಾನೊಬ್ಬಳೇ ಅಲ್ಲ: 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಸೇರಿದವರು ಸುಮಾರು 1,60,000, ಮುಗಿಸಿದವರು ಸುಮಾರು 23,000. ನಮ್ಮ ‘ಸ್ವಯಂ’ನಲ್ಲೂ ಕಲಿಕೆ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ದುಡ್ಡು ಕೊಡದೆ ಸೇರಿದ್ದನ್ನು ಬಿಡಲು ಸಂಕಟವೂ ಆಗುವುದಿಲ್ಲ.

ಆ ರಾತ್ರಿ ಅದೇ ವಿಡಿಯೊ ಮತ್ತೆ ಹಾಕಿದೆ. ಈ ಸಲ ಹುಡುಗನ ಪ್ರಶ್ನೆ ಜೊತೆಗಿತ್ತು. ಮೂರು ಕಡೆ ನಿಲ್ಲಿಸಿ, ಹಿಂದಕ್ಕೆಳೆದು ನೋಡಿದೆ (ತರಗತಿಯಲ್ಲಿ ಯಾವ ಮೇಷ್ಟ್ರನ್ನು ಹೀಗೆ ನಿಲ್ಲಿಸಲಾದೀತು?). ವಿದ್ಯುದಾವೇಶ ಖರ್ಚಾಗುವುದಿಲ್ಲ, ಬ್ಯಾಟರಿ ಕೊಟ್ಟ ಶಕ್ತಿ ಬಲ್ಬಿನಲ್ಲಿ ಬೆಳಕು, ಶಾಖವಾಗುತ್ತದೆ.

ಮರುದಿನ ಬಲ್ಬುಗಳ ಹಿಂದೆ, ನಡುವೆ, ಮುಂದೆ ಅಮ್ಮೀಟರ್ ಸೇರಿಸಿ ಅವನಿಂದಲೇ ಓದಿಸಿದೆ. ಮೂರೂ ಕಡೆ 0.2 ಆಂಪಿಯರ್. ಮೀಟರಿನ ಗಾಜನ್ನು ಬೆರಳಲ್ಲಿ ತಟ್ಟಿ ನೋಡಿ, “ಇದು ಕೆಟ್ಟಿಲ್ಲ ತಾನೆ ಮಿಸ್?” ಎಂದ.