ಹಾಡು ಸುತ್ತುವರಿದಾಗ

ಹೇಮಗಿರಿಯ ಅಣೆಕಟ್ಟೆಯ ಹತ್ತಿರ ನಿಂತವರು ಹೇಮಾವತಿಯ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುವುದಿಲ್ಲ. ಎದುರಿಗೆ ನೀರು, ಬೆನ್ನಿಗೆ ಗಾಳಿ, ಪಕ್ಕದಲ್ಲಿ ಬುತ್ತಿ ಬಿಚ್ಚುವವರ ಮಾತು. ಇದನ್ನೇ ಡಬ್ಬಗಳಲ್ಲಿ ತುಂಬಿ ಮನೆಗೆ ತಂದರೆ ಅದಕ್ಕೆ ಸರೌಂಡ್ ಸೌಂಡ್ ಎಂದು ಹೆಸರು. 5.1 ಎಂದರೆ ಮುಂದೆ ಮೂರು ಸ್ಪೀಕರು, ಹಿಂದೆ ಎರಡು. ಚುಕ್ಕೆಯ ಆಚೆಗಿನ ಒಂದು ಗುಡುಗಿಗೆ ಮೀಸಲು. 7.1 ಆದರೆ ಇನ್ನೆರಡು ಹೆಚ್ಚು. ಅಷ್ಟೂ ತಂತಿಗಳ ಅಡಿಯಲ್ಲಿ ಕಸ ಗುಡಿಸುವವರು ಯಾರೆಂದು ಮಾತ್ರ ಯಾರೂ ಹೇಳುವುದಿಲ್ಲ.

1972ರ ‘ನಾಗರಹಾವು’ 2018ರಲ್ಲಿ 7.1 ಧ್ವನಿಯೊಡನೆ ಮತ್ತೆ ಚಿತ್ರಮಂದಿರಕ್ಕೆ ಬಂದಂದಿನಿಂದ ನಮ್ಮ ಮನೆಯಲ್ಲೂ ಈ ವಾದ. ಹಳೆಯ ಹಾಡನ್ನು ಹೀಗೆ ಹೊಸದು ಮಾಡಬಹುದೆ? ಮೈದುನನ ಮಗ ರಾಕ್ ಸಂಗೀತದವನು. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ 2003ರಲ್ಲಿ 5.1 ಆಗಿ ಬಂದದ್ದನ್ನು, ನನ್ನನ್ನೂ ಅತ್ತೆಯವರನ್ನೂ ನಡುವೆ ಕೂರಿಸಿ ಕೇಳಿಸಿದ. ಅದು ಶುರುವಾಗುವುದೇ ಎದೆಬಡಿತದಿಂದ. ಆಮೇಲೊಮ್ಮೆ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿಬಿಟ್ಟವು. ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಅವರು 16 ಜಾಡುಗಳ ಟೇಪಿನಲ್ಲಿ ಗಿಟಾರು, ಡ್ರಮ್ಮು, ಕಂಠ ಎಲ್ಲವನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದರು. ಒಂದೊಂದನ್ನೇ ಎತ್ತಿ ಬೇಕಾದ ಕಡೆ ಇಡಬಹುದು.

ನಮ್ಮ ಆ ಕಾಲದ ಹಾಡುಗಳ ಕಥೆ ಬೇರೆ. ಸಾಮಾನ್ಯವಾಗಿ ಹಾಡುವವರೂ ವಾದ್ಯದವರೂ ಒಟ್ಟಿಗೇ ಸೇರಿ, ಎಲ್ಲ ಕಲೆತು ಒಂದೇ ಜಾಡಿಗೆ ಇಳಿಯುತ್ತಿತ್ತು. ಅದರಿಂದ ಪಿಟೀಲನ್ನು ಬಿಡಿಸುವುದೆಂದರೆ ಬಿಸಿಬೇಳೆಬಾತಿನಿಂದ ಬೇಳೆ ಹೆಕ್ಕಿದಂತೆ. ಈಗ ಕಂಪ್ಯೂಟರು ಹೆಕ್ಕಿಕೊಡುತ್ತದೆ. ಹೆಕ್ಕಿದರೂ ಬೇಳೆಗೆ ಹತ್ತಿದ ಹುಳಿ ಹೋಗುವುದಿಲ್ಲ.

ಅತ್ತೆಯವರಿಗೆ ಎಡಗಿವಿ ಕೇಳದೆ ವರ್ಷಗಳಾದವು. ಜಾತ್ರೆಯಲ್ಲಿ ಯಾರು ಕೂಗಿದರೂ ದಿಕ್ಕು ತಿಳಿಯದೆ ಸುತ್ತ ನೋಡುತ್ತಾರೆ. ಅದಕ್ಕೇ ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟರು. ಹಾಡಿಗೆ ಮಾತ್ರ ದಿಕ್ಕು ಬೇಕಿರಲಿಲ್ಲ. ಹುಡುಗ ಯಾವುದೋ ಗುಂಡಿ ಒತ್ತಿ ‘ಕರ್ಪೂರದ ಬೊಂಬೆ’ಯನ್ನು ಕೋಣೆಯ ತುಂಬ ಹರಡಿದ. ವಿಜಯಭಾಸ್ಕರರ ಸಂಗೀತ, ಪಿ. ಸುಶೀಲಾ ಅವರ ದನಿ. ಅತ್ತೆ ತಲೆ ವಾಲಿಸಿ, ಸೆರಗು ಹಿಂದಕ್ಕೆ ಸರಿಸಿ, ಬಹಳ ಹೊತ್ತು ಹುಡುಕಿದರು.

“ವಾದ್ಯದೋರೆಲ್ಲ ಮೂಲೆಮೂಲೆಗೆ ಹೋಗಿ ಕುಂತವ್ರಲ್ಲವ್ವ. ಆಯಮ್ಮ ಒಬ್ಬಳೇ ಆಗೋಗವ್ಳೆ,” ಎಂದರು.

ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಹೊಸ ಧ್ವನಿಯನ್ನು ಅಳೆಯುವಾಗ ನಾನು ನೋಡುವುದೂ ಅದನ್ನೇ: ತಾಳ ಎಲ್ಲಿ ಬೇಕಾದರೂ ಓಡಾಡಲಿ, ಹಾಡುವವರು ಎದುರಿಗಿರಬೇಕು, ಜೊತೆಯವರು ಅವರಿಗೆ ಕೈಗೆಟುಕುವಷ್ಟು ಹತ್ತಿರವಿರಬೇಕು. ನನ್ನ ಯಜಮಾನರು ಒಪ್ಪುವುದಿಲ್ಲ. ಹಿಂದಿನಿಂದ ಸದ್ದು ಬಾರದಿದ್ದರೆ ಕೊಟ್ಟ ದುಡ್ಡು ದಂಡ ಎನ್ನುತ್ತಾರೆ.

ಹುಡುಗ ಗುಂಡಿ ಆರಿಸಿದ. ಹಾಡು ಮತ್ತೆ ಒಂದೇ ಕಡೆ ಬಂದು ಸೇರಿತು. ಅತ್ತೆ ಕುರ್ಚಿ ತಿರುಗಿಸಿ, ಬಲಗಿವಿ ಅತ್ತ ಕೊಟ್ಟು, ಕೊನೆಯವರೆಗೂ ಕೇಳಿದರು.

“ಹಳೇದೇ ಇರ್ಲಾ ಅಜ್ಜಿ?”

“ಇದು ಇಂಗೇ ಇರ್ಲಿ. ಆ ಎದೆ ಬಡ್ಕೊಳದನ್ನ ಇನ್ನೊಂದ್ ಸಲ ಹಾಕು ಮಗ, ಅದು ಕಾಲಿಗೂ ಕೇಳ್ತದೆ,” ಎಂದು ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಊರಿದರು.